ಬ್ರಹ್ಮವೆಂದರೇನು?

ಕಳೆದ ದಸರೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ತಂದೆಯವರು, “ಕಾಲೇಜಿನಲ್ಲಿ ಏನು ಓದುತ್ತೀಯಪ್ಪ?” ಎಂದು ಕೇಳಿದರು. “ತತ್ತ್ವಶಾಸ್ತ್ರ, ಈಗ ಬ್ರಹ್ಮದ ವಿಚಾರ ನಡೆಯುತ್ತಿದೆ” ಎಂದೆನು. “ಹಾಗೆಂದರೇನು?” ಎಂದರು. ನಿರ್ಗುಣ, ನಿರಾಕಾರ, ಸಚ್ಚಿದಾನಂದ ಎಂದು ಬಾಯಿಪಾಠವಾಗಿದ್ದುದನ್ನೆಲ್ಲ ಒಪ್ಪಿಸಿದೆನು. “ನನಗೆ ತಿಳಿಯುವ ಹಾಗೆ ಹೇಳು” ಎಂದರು. “ಅದು ನಿಮಗೆ ತಿಳಿಯುವುದಿಲ್ಲ” ಎಂದುಬಿಟ್ಟೆನು. ಬೇಸಾಯದಿಂದ ನನ್ನ ಫೀಜು ಕಟ್ಟುವ ತಂದೆಯವರು ಮರುಮಾತಾಡದೆ ಎತ್ತುಗಳಿಗೆ ಹುಲ್ಲು ಹಾಕಲು ಎದ್ದು ಹೋದರು.

ಕಾಲೇಜಿಗೆ ಹಿಂದಿರುಗಿ ಛಾಂದೋಗ್ಯೋಪನಿಷತ್ತಿನ 6ನೆಯ ಅಧ್ಯಾಯವನ್ನು ಓದಿದಾಗ ನನಗೆ ನಾಚಿಕೆಯಾಯಿತು. ಅಲ್ಲಿ ಶ್ವೇತಕೇತುವೆಂಬ ಹುಡುಗನು 12ನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ, ವೇದಗಳನ್ನೆಲ್ಲ ಓದಿ, 24ನೆಯ ವಯಸ್ಸಿನಲ್ಲಿ ಬೀಗಿಕೊಂಡು ಮನೆಗೆ ಬರುತ್ತಾನೆ. ಯಾವುದನ್ನು ಅರಿತರೆ ಅರಿಯದುದೆಲ್ಲವನ್ನೂ ಅರಿತಂತಾಗುವುದೋ ಅದನ್ನು ಕಲಿತು ಬಂದೆಯಾ ಎಂದು ತಂದೆ ಉದ್ದಾಲಕನು ಪ್ರಶ್ನಿಸುತ್ತಾನೆ. ಮಗನಲ್ಲಿ ಉತ್ತರವಿಲ್ಲ.

ಅಲ್ಲಿಂದ ಮುಂದೆ ತಂದೆಯೇ ಗುರು. ಅವನ ಉದಾಹರಣೆಗಳಾದರೋ ನಮ್ಮ ಹಿತ್ತಿಲಿನಲ್ಲಿಯೂ ಅಡುಗೆಮನೆಯಲ್ಲಿಯೂ ಸಿಗುವಂಥವು. ಮಣ್ಣನ್ನು ಅರಿತವನಿಗೆ ಮಡಕೆ ಕುಡಿಕೆಗಳೆಲ್ಲ ಅರಿತಂತೆಯೇ. ಹೆಸರು, ಆಕಾರ ಬೇರೆ, ಇರುವುದು ಮಣ್ಣೇ. ಆಲದ ಬೀಜವನ್ನು ಒಡೆದು ನೋಡಿದರೆ ಒಳಗೆ ಏನೂ ಕಾಣದು. ಆ ಕಾಣದ ಸೂಕ್ಷ್ಮದಿಂದಲೇ ಮಹಾವೃಕ್ಷವು ಬೆಳೆದಿದೆ. ರಾತ್ರಿ ನೀರಿಗೆ ಹಾಕಿದ ಉಪ್ಪು ಬೆಳಿಗ್ಗೆ ಕೈಗೆ ಸಿಗದು. ಆದರೆ ಮೇಲೆ, ನಡುವೆ, ತಳದಲ್ಲಿ ಎಲ್ಲಿ ಕುಡಿದರೂ ಉಪ್ಪೇ. ಹೀಗೆ ಕಾಣದಿದ್ದರೂ ಎಲ್ಲೆಡೆಯೂ ಇರುವ ‘ಸತ್’ ಎಂಬುದೇ ಜಗತ್ತಿನ ಮೂಲ. ಇದನ್ನೇ ವೇದಾಂತಿಗಳು ಬ್ರಹ್ಮವೆಂದರು. ಆ ಸತ್ತಿಗೂ ಶ್ವೇತಕೇತುವಿಗೂ ಇರುವ ಸಂಬಂಧವನ್ನು ತಿಳಿಸುವ ‘ತತ್ತ್ವಮಸಿ’ ಎಂಬ ಮಹಾವಾಕ್ಯವು ಈ ಅಧ್ಯಾಯದಲ್ಲಿ 9 ಸಲ ಬರುತ್ತದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಒಂದು ಚೊಂಬು ನೀರಿಗೆ ಉಪ್ಪು ಕದಡಿ ತಂದೆಯವರ ಮುಂದಿಟ್ಟು ಈ ಕಥೆಯನ್ನು ಹೇಳಿದೆನು. ಅವರು ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರಿ, ಈಗ ಉಪ್ಪೂ ನೀರೂ ಒಂದೇ ಆದವೋ, ಇಲ್ಲ ಕೂಡಿದ್ದರೂ ಬೇರೆಯೋ?” ಎಂದರು.

ತಿಳಿಯುವುದಿಲ್ಲವೆಂದು ನಾನು ತಳ್ಳಿಹಾಕಿದ್ದವರು ಆಚಾರ್ಯರು ಚರ್ಚಿಸಿದ ಪ್ರಶ್ನೆಯನ್ನೇ ಕೇಳಿಬಿಟ್ಟಿದ್ದರು! ಜೀವನೂ ಬ್ರಹ್ಮವೂ ಒಂದೇ, ಭೇದವು ಅವಿದ್ಯೆಯಿಂದ ತೋರುವಂಥದು ಎಂದು ಶಂಕರರು ಆ ವಾಕ್ಯವನ್ನು ಅರ್ಥೈಸಿದರು. ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜರು, ದೇಹಕ್ಕೆ ಆತ್ಮವಿರುವಂತೆ ಜೀವನಿಗೆ ಬ್ರಹ್ಮವು ಅಂತರ್ಯಾಮಿ, ಆದುದರಿಂದಲೇ ಆ ಐಕ್ಯದ ಮಾತು ಎಂದರು. 13ನೆಯ ಶತಮಾನದಲ್ಲಿ ಉಡುಪಿಯ ಮಧ್ವರು, ಹಿಂದಿನ ಪದದೊಡನೆ ಇರುವ ಸಂಧಿಯನ್ನು ಬಿಡಿಸಿ ‘ಅತತ್’ ಎಂದು ಓದಿ, ನೀನು ಅದಲ್ಲ, ಅದರ ಅಧೀನನು ಎಂದರು. ಒಂದು ಅಕ್ಷರದಲ್ಲಿ ದರ್ಶನವೇ ಬದಲಾಯಿತು. ಆದರೂ ಜಗತ್ತು ತನ್ನಷ್ಟಕ್ಕೆ ತಾನೇ ನಿಂತಿಲ್ಲ, ಅದಕ್ಕೆ ಆಧಾರವಾದುದು ಒಂದಿದೆ ಎಂಬಲ್ಲಿ ಮೂವರಿಗೂ ಒಮ್ಮತವುಂಟು.

ಮೂರು ಉತ್ತರಗಳನ್ನೂ ತಂದೆಯವರಿಗೆ ಹೇಳಿದೆನು. “ನೀನು ಯಾವುದನ್ನು ಒಪ್ಪುತ್ತೀಯೆ?” ಎಂದರು. “ಇನ್ನೂ ತಿಳಿಯದು” ಎಂದೆನು. ತಂದೆಯವರು ನಕ್ಕು, “ಹಾಗಾದರೆ ಇಬ್ಬರೂ ಯೋಚನೆ ಮಾಡೋಣ” ಎಂದರು.