ನೆಲದಡಿಯ ಸಂಪತ್ತಿಗೆ ನಕ್ಷೆ: ನಂಬಿಕೆ ಏನು, ನಿಜ ಏನು?

ಖನಿಜ ಹುಡುಕುವ ತಂಡಕ್ಕೆ ನಕ್ಷೆಯೇ ಮೊದಲ ಸಲಕರಣೆ. ಎಲ್ಲಿ ಪರವಾನಗಿ ಕೇಳಬೇಕು, ಯಾವ ಹಳ್ಳದ ಮಣ್ಣನ್ನು ಪರೀಕ್ಷೆಗೆ ಕಳಿಸಬೇಕು, ಯಾರ ಹೊಲದಲ್ಲಿ ಬೋರ್ ಕೊರೆಯಬೇಕು ಎಂಬ ತೀರ್ಮಾನಗಳೆಲ್ಲ ಆಗುವುದು ನಕ್ಷೆಯನ್ನು ಮುಂದಿಟ್ಟುಕೊಂಡೇ. ಆದರೆ ಆ ನಕ್ಷೆಯೊಳಗಿನ ಮಾಹಿತಿಯನ್ನು ಹೇಗೆ ಕೂಡಿಸಬೇಕು, ಹೇಗೆ ಹೊಂದಿಸಬೇಕು, ಯಾರು ಕಾಪಾಡಬೇಕು ಎಂಬ ಯೋಜನೆ ಮಾತ್ರ ಬಹಳ ಕಡೆ ಕೊನೆಯ ಸಾಲಿನಲ್ಲಿ ಉಳಿದುಬಿಡುತ್ತದೆ.

ಕರ್ನಾಟಕದ ಮಟ್ಟಿಗೆ ಇದು ಮನೆಬಾಗಿಲಿನ ವಿಷಯ. ಹಟ್ಟಿ, ಗದಗ, ಚಿತ್ರದುರ್ಗ, ಕೋಲಾರದ ಶಿಸ್ಟ್ ಪಟ್ಟಿಗಳು ದೇಶದ ಚಿನ್ನದ ಹುಡುಕಾಟದ ಮುಖ್ಯ ನೆಲೆಗಳು. 2023ರಲ್ಲಿ ಗಣಿ ಮತ್ತು ಖನಿಜ ಕಾಯ್ದೆಗೆ ಆದ ತಿದ್ದುಪಡಿ, ಚಿನ್ನ, ತಾಮ್ರ, ಲಿಥಿಯಂ ಸೇರಿದಂತೆ 29 ಖನಿಜಗಳಿಗೆ ಹೊಸದಾಗಿ ಅನ್ವೇಷಣಾ ಪರವಾನಗಿಯ ದಾರಿ ತೆರೆಯಿತು. ಹೊಸ ತಂಡಗಳು ಕ್ಷೇತ್ರಕ್ಕೆ ಇಳಿಯುವ ಈ ಹೊತ್ತಿನಲ್ಲಿ ಕೆಲವು ತಪ್ಪು ಕಲ್ಪನೆಗಳನ್ನು ಬಿಡಿಸಿ ನೋಡುವುದು ಒಳ್ಳೆಯದು.

ತಪ್ಪು ಕಲ್ಪನೆ 1: ಒಳ್ಳೆಯ ಸಾಫ್ಟ್‌ವೇರ್ ಕೊಂಡರೆ ಯೋಜನೆ ಆದಂತೆಯೇ.

ಸತ್ಯ: ಸಾಫ್ಟ್‌ವೇರ್ ಬರಬೇಕಾದದ್ದು ಪ್ರಶ್ನೆ ಹುಟ್ಟಿದ ಮೇಲೆ. ಈ ವರ್ಷ ತಂಡ ತೆಗೆದುಕೊಳ್ಳಬೇಕಾದ ತೀರ್ಮಾನಗಳು ಯಾವುವು ಎಂದು ಮೊದಲು ಬರೆದುಕೊಳ್ಳಬೇಕು. ನೂರಾರು ಚದರ ಕಿಲೋಮೀಟರಿನಿಂದ ಹತ್ತು ಚದರ ಕಿಲೋಮೀಟರಿಗೆ ಇಳಿಯುವುದು ಒಂದು ತೀರ್ಮಾನ. ಆ ಹತ್ತರೊಳಗೆ ಐದು ಬೋರ್‌ಗಳ ಜಾಗ ಗುರುತಿಸುವುದು ಬೇರೆಯದೇ ತೀರ್ಮಾನ. ಮೊದಲನೆಯದಕ್ಕೆ ವಿಶಾಲ ವ್ಯಾಪ್ತಿಯ ಭೂರಾಸಾಯನಿಕ ಮಾಹಿತಿ, ವಿಮಾನದಿಂದ ಅಳೆದ ಕಾಂತೀಯ ಮಾಹಿತಿ ಸಾಕು. ಎರಡನೆಯದಕ್ಕೆ ಕಂದಕ ತೋಡಿ ನೋಡಿದ ಕಲ್ಲಿನ ಓರೆ, ದಿಕ್ಕು, ಅಗಲ ಬೇಕು.

ನಿಖರತೆಯೂ ಹಂತಕ್ಕೆ ತಕ್ಕಂತಿರಬೇಕು. ಹಳ್ಳದ ಮಣ್ಣಿನ ಮಾದರಿಗೆ ಕೈಯಲ್ಲಿ ಹಿಡಿಯುವ ಜಿಪಿಎಸ್‌ನ ಕೆಲವು ಮೀಟರ್ ವ್ಯತ್ಯಾಸ ತೊಂದರೆಯಲ್ಲ. ಬೋರ್‌ನ ಬಾಯಿಯ ಸ್ಥಾನಕ್ಕೆ ಅದು ಸಾಲದು. ಅಲ್ಲಿ ಡಿಜಿಪಿಎಸ್ ಅಥವಾ ಟೋಟಲ್ ಸ್ಟೇಷನ್ ಎಂಬ ಹೆಚ್ಚು ನಿಖರವಾದ ಅಳತೆ ಉಪಕರಣ ಬೇಕೇ ಬೇಕು. ಎಲ್ಲೆಡೆ ಅತಿ ನಿಖರತೆಗೆ ಹಣ ಸುರಿಯುವುದೂ ತಪ್ಪು, ಬೇಕಾದಲ್ಲಿ ಕೈ ಬಿಗಿ ಹಿಡಿಯುವುದೂ ತಪ್ಪು.

ತಪ್ಪು ಕಲ್ಪನೆ 2: ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ ಜಾಗ ಗೊತ್ತಾದಂತೆ.

ಸತ್ಯ: ಆ ಅಂಕಿಗಳನ್ನು ಯಾವ ಆಧಾರದ ಮೇಲೆ ಅಳೆದರು ಎಂಬುದು ಜೊತೆಗಿಲ್ಲದಿದ್ದರೆ ಜಾಗ ಗೊತ್ತಾದಂತಲ್ಲ. ಅನ್ವೇಷಣೆಯಲ್ಲಿ ಅತಿ ಹೆಚ್ಚು ಹಾನಿ ಮಾಡುವ ಕಲ್ಪನೆ ಇದು.

ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ಟೋಪೋಶೀಟ್‌ಗಳು ನಿಂತಿರುವುದು 1830ರ ಎವರೆಸ್ಟ್ ಗೋಲಾಭದ (ಭೂಮಿಯ ಆಕಾರದ ಗಣಿತ ಮಾದರಿ) ಲೆಕ್ಕದ ಮೇಲೆ. ಇಂದಿನ ಜಿಪಿಎಸ್ ತೋರಿಸುವುದು ಡಬ್ಲ್ಯುಜಿಎಸ್-84 ಆಧಾರದ ಅಂಕಿ. ಎರಡೂ ಡಿಗ್ರಿ, ನಿಮಿಷ, ಸೆಕೆಂಡಿನಲ್ಲೇ ಇರುವುದರಿಂದ ನೋಡಲು ಒಂದೇ ಥರ ಕಾಣುತ್ತವೆ. ಪರಿವರ್ತನೆ ಮಾಡದೆ ಒಂದರ ಮೇಲೊಂದು ಇಟ್ಟರೆ ಕರ್ನಾಟಕದಲ್ಲಿ ನೂರು ಮೀಟರಿಗೂ ಮೇಲ್ಪಟ್ಟು ವ್ಯತ್ಯಾಸ ಬರುತ್ತದೆ. ಚಿನ್ನ ಹೊತ್ತ ಬೆಣಚುಕಲ್ಲಿನ ಎಳೆ ಎಷ್ಟೋ ಕಡೆ ಒಂದೆರಡು ಮೀಟರ್ ಅಗಲದ್ದು. ಹಾಗಿರುವಾಗ ಆ ಎಳೆಗೆಂದು ಗುರಿಯಿಟ್ಟ ಬೋರ್ ಪಕ್ಕದ ಹೊಲದಲ್ಲಿ ಬರಿಯ ಕಲ್ಲಿಗೆ ಇಳಿಯುತ್ತದೆ. ವರದಿಯಲ್ಲಿ ಮಾತ್ರ ‘ಇಲ್ಲಿ ಚಿನ್ನವಿಲ್ಲ’ ಎಂದು ದಾಖಲಾಗುತ್ತದೆ.

ಎರಡನೆಯ ಬಲೆ ವಲಯದ್ದು. ಮೀಟರಿನಲ್ಲಿ ಸ್ಥಾನ ಹೇಳುವ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಸೀಳಿದ್ದಾರೆ. 78 ಡಿಗ್ರಿ ಪೂರ್ವ ರೇಖಾಂಶ 43 ಮತ್ತು 44ನೇ ವಲಯಗಳ ಗಡಿ. ಆ ಗೆರೆ ಹಾದುಹೋಗುವುದು ಕೋಲಾರ ಜಿಲ್ಲೆಯೊಳಗೇ. ಮಾಲೂರು 43ರಲ್ಲಿದ್ದರೆ ಕೋಲಾರದ ಚಿನ್ನದ ಗಣಿ ಪ್ರದೇಶವಾದ ಕೆಜಿಎಫ್ 44ರಲ್ಲಿದೆ. ಹಟ್ಟಿಯೂ 43ರಲ್ಲೇ. ರಾಜ್ಯದ ಎಲ್ಲ ಮಾಹಿತಿಯನ್ನೂ ಒಂದೇ ಫೈಲಿಗೆ ಸೇರಿಸುವಾಗ ವಲಯದ ಸಂಖ್ಯೆ ಬಿಟ್ಟುಹೋಯಿತೆನ್ನಿ: ಕೆಜಿಎಫ್‌ನ ಗಣಿಬಾವಿ ಸುಮಾರು 650 ಕಿಲೋಮೀಟರ್ ಪಶ್ಚಿಮಕ್ಕೆ ಸರಿದು ಅರಬ್ಬೀ ಸಮುದ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಬಹುದು. ಆಧಾರ ತಪ್ಪಿದ ನೂರು ಮೀಟರ್ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯದು ಎತ್ತರ. ಜಿಪಿಎಸ್ ಅಳೆಯುವುದು ಗಣಿತದ ಗೋಲಾಭದಿಂದ. ಟೋಪೋಶೀಟ್ ಹೇಳುವುದು ಸಮುದ್ರ ಮಟ್ಟದಿಂದ. ಬೆಂಗಳೂರಿನ ಸುತ್ತ ಈ ಎರಡರ ನಡುವೆ ಸುಮಾರು 85 ಮೀಟರ್ ಅಂತರವಿದೆ. ಅರ್ಧ ಬೋರ್‌ಗಳಿಗೆ ಒಂದು ಲೆಕ್ಕ, ಇನ್ನರ್ಧಕ್ಕೆ ಇನ್ನೊಂದು ಲೆಕ್ಕ ಹಾಕಿ ಮೂರು ಆಯಾಮದ ಮಾದರಿ ಕಟ್ಟಿದರೆ, ಒಂದೇ ಅದಿರಿನ ಎಳೆ ಅಲ್ಲಿ ಎರಡಾಗಿ ಮುರಿದು ಕಾಣುತ್ತದೆ. ನೆಲದಲ್ಲಿ ಇಲ್ಲದ ಸ್ತರಭಂಗವೊಂದು ನಕ್ಷೆಯಲ್ಲಿ ಹುಟ್ಟಿಕೊಳ್ಳುತ್ತದೆ.

ಪರಿಹಾರ ಕಷ್ಟದ್ದಲ್ಲ. ಯೋಜನೆಗೆ ಒಂದೇ ಆಧಾರ, ಒಂದೇ ವಲಯ, ಒಂದೇ ಎತ್ತರದ ಮಟ್ಟ ಎಂದು ಮೊದಲ ದಿನವೇ ಬರೆದಿಡಬೇಕು. ಹೊರಗಿನಿಂದ ಬಂದ ಯಾವ ಅಂಕಿಯೂ ಪರಿವರ್ತನೆ ಆಗದೆ ಒಳಗೆ ಬರಬಾರದು. ಮೂಲ ಅಂಕಿಯನ್ನು ಅಳಿಸದೆ ಪಕ್ಕದಲ್ಲೇ ಉಳಿಸಬೇಕು.

ತಪ್ಪು ಕಲ್ಪನೆ 3: ಉಪಗ್ರಹದಿಂದ ನೋಡಿದರೆ ನೆಲದಡಿ ಏನಿದೆ ಎಂದು ತಿಳಿಯುತ್ತದೆ.

ಸತ್ಯ: ಸಾಮಾನ್ಯವಾಗಿ ಬಳಸುವ ಉಪಗ್ರಹ ಚಿತ್ರಗಳು ನೆಲದ ಮೇಲ್ಮೈಯಿಂದ ಮರಳಿದ ಬೆಳಕನ್ನಷ್ಟೇ ದಾಖಲಿಸುತ್ತವೆ. 1999ರಲ್ಲಿ ಹಾರಿದ ಟೆರ್ರಾ ಉಪಗ್ರಹದ ಆಸ್ಟರ್ ಉಪಕರಣ ಜೇಡಿ ಖನಿಜಗಳನ್ನು, ಕಾರ್ಬೊನೇಟ್‌ಗಳನ್ನು ಬೇರ್ಪಡಿಸಿ ತೋರಿಸಿ ಭೂವಿಜ್ಞಾನಿಗಳಿಗೆ ದೊಡ್ಡ ನೆರವಾಯಿತು. ಅದು ಚೆನ್ನಾಗಿ ಕೆಲಸ ಮಾಡುವುದು ಕಲ್ಲು ಬತ್ತಲೆಯಾಗಿ ಬಿದ್ದಿರುವ ಒಣ ನಾಡುಗಳಲ್ಲಿ. ಗದಗ, ರಾಯಚೂರಿನ ಎರೆಮಣ್ಣು, ಮಲೆನಾಡಿನ ಕಾಡು ಮತ್ತು ಜಂಬಿಟ್ಟಿಗೆ ಕಲ್ಲಿನ ಹೊದಿಕೆ ಕೆಳಗಿನ ಬಂಡೆಯನ್ನು ಮುಚ್ಚಿಬಿಡುತ್ತವೆ.

ಹೊದಿಕೆಯ ಕೆಳಗೆ ನೋಡಲು ಭೌತ ವಿಧಾನಗಳು ಬೇಕು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವೈಮಾನಿಕ ಭೂಭೌತ ಸಮೀಕ್ಷೆ ಇಂಥ ಪ್ರಯತ್ನ. ಅದೂ ತೋರಿಸುವುದು ಕಾಂತತ್ವದ, ವಿಕಿರಣದ ಏರುಪೇರನ್ನು, ಚಿನ್ನವನ್ನಲ್ಲ. ಉಪಗ್ರಹ, ವಿಮಾನ, ಮಣ್ಣಿನ ಪರೀಕ್ಷೆ ಮೂರೂ ಒಂದೇ ಜಾಗಕ್ಕೆ ಬೊಟ್ಟು ಮಾಡಿದರೆ ಅಲ್ಲಿಗೆ ಸುತ್ತಿಗೆ ಹಿಡಿದು ನಡೆಯಬೇಕು. ನೆಲದ ಮೇಲೆ ನಡೆದು ನೋಡುವ ಕೆಲಸಕ್ಕೆ ಬದಲಿ ಇಲ್ಲ.

ತಪ್ಪು ಕಲ್ಪನೆ 4: ಕಂಪ್ಯೂಟರಿನಲ್ಲಿ ಹಿಗ್ಗಿಸಿದಷ್ಟೂ ನಕ್ಷೆ ವಿವರವಾಗುತ್ತದೆ.

ಸತ್ಯ: ಹಿಗ್ಗುವುದು ಗೆರೆ ಮಾತ್ರ. 1:50,000 ಪ್ರಮಾಣದ ನಕ್ಷೆಯಲ್ಲಿ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 50 ಮೀಟರ್. ಅರ್ಧ ಮಿಲಿಮೀಟರ್ ದಪ್ಪದ ಪೆನ್ನಿನಲ್ಲಿ ಎಳೆದ ಶಿಲಾ ಗಡಿಯೇ 25 ಮೀಟರ್ ಅಗಲವನ್ನು ನುಂಗಿರುತ್ತದೆ. ಅದನ್ನು ಸ್ಕ್ಯಾನ್ ಮಾಡಿ 1:2,000ಕ್ಕೆ ಹಿಗ್ಗಿಸಿ ಬೋರ್ ಜಾಗ ಗುರುತಿಸುವುದು, ಯಾರೂ ಅಳೆಯದ ನಿಖರತೆಯನ್ನು ನಂಬಿದಂತೆ. ಎಷ್ಟೋ ಕಡೆ ಆ ಗಡಿಯನ್ನು ಮಣ್ಣಿನ ಕೆಳಗೆ ಊಹಿಸಿ ಎಳೆದಿರುತ್ತಾರೆ. ಕಾಗದದಲ್ಲಿ ಅದು ಚುಕ್ಕೆ ಗೆರೆ. ಡಿಜಿಟಲ್ ಮಾಡುವಾಗ ಅವಸರದಲ್ಲಿ ಅಖಂಡ ಗೆರೆಯಾಗಿಬಿಡುತ್ತದೆ. ಆದ್ದರಿಂದ ಪ್ರತಿ ಗೆರೆಯ ಜೊತೆ ಮೂರು ಸಂಗತಿ ದಾಖಲಾಗಬೇಕು: ಮೂಲ ಪ್ರಮಾಣ, ಕಂಡು ಎಳೆದದ್ದೋ ಊಹಿಸಿ ಎಳೆದದ್ದೋ, ಎಳೆದವರು ಯಾರು ಮತ್ತು ಯಾವ ವರ್ಷ.

ತಪ್ಪು ಕಲ್ಪನೆ 5: ಹಳೆಯ ಕಾಗದ, ಏನೂ ಸಿಗದ ಬೋರ್ ಎರಡೂ ಕಸ.

ಸತ್ಯ: ಅವೇ ತಂಡದ ಆಸ್ತಿ. ಕೋಲಾರವನ್ನೇ ನೋಡಿ. 1802ರಲ್ಲಿ ಮೈಸೂರು ಸೀಮೆಯ ಗಡಿ ಸರ್ವೆಗೆ ಬಂದಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಸ್ಥಳೀಯರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ವಿಚಾರಿಸಿ ಬರೆದಿಟ್ಟ. ಸುಮಾರು 70 ವರ್ಷಗಳ ನಂತರ ಆ ಬರಹದ ಜಾಡು ಹಿಡಿದೇ ಮೈಕೆಲ್ ಲ್ಯಾವೆಲ್ ಕೋಲಾರಕ್ಕೆ ಬಂದು, 1873ರಲ್ಲಿ ಗಣಿಗಾರಿಕೆಗೆ ಪರವಾನಗಿ ಕೋರಿದ. ಹಟ್ಟಿಯಲ್ಲಂತೂ ಸುಮಾರು ಎರಡು ಸಾವಿರ ವರ್ಷ ಹಿಂದಿನವರು ತೋಡಿದ ಆಳದ ಗುಂಡಿಗಳೇ ಆಧುನಿಕ ಗಣಿಗೆ ದಾರಿ ತೋರಿಸಿದವು.

ಹೊರದೇಶದ ಪ್ರಸಿದ್ಧ ನಿದರ್ಶನವೂ ಇದೆ. ಕೆನಡಾದ ಗೋಲ್ಡ್‌ಕಾರ್ಪ್ ಕಂಪನಿ 2000ದಲ್ಲಿ ತನ್ನ ರೆಡ್ ಲೇಕ್ ಗಣಿಯ ದಶಕಗಳ ಮಾಹಿತಿಯನ್ನು, ಸುಮಾರು 400 ಮೆಗಾಬೈಟ್‌ನಷ್ಟು, ಜಗತ್ತಿನ ಮುಂದೆ ತೆರೆದಿಟ್ಟು, ಮುಂದೆ ಎಲ್ಲಿ ಕೊರೆಯಬೇಕೆಂದು ಹೇಳಿದವರಿಗೆ ಒಟ್ಟು 5,75,000 ಡಾಲರ್ ಬಹುಮಾನ ಘೋಷಿಸಿತು. ಮೊದಲ ಬಹುಮಾನ ಗೆದ್ದದ್ದು ಆಸ್ಟ್ರೇಲಿಯಾದ ತಂಡಗಳು. ಮಾಹಿತಿ ಒಂದೇ ಹದಕ್ಕೆ ಬಂದಿದ್ದರೆ ಗಣಿಯನ್ನು ಕಣ್ಣಾರೆ ನೋಡದವರೂ ಅದನ್ನು ಓದಬಲ್ಲರು.

ಏನೂ ಸಿಗದ ಬೋರ್ ಕೂಡ ಒಂದು ಉತ್ತರವೇ. ಅದು ದಾಖಲಾಗದಿದ್ದರೆ ಹತ್ತು ವರ್ಷದ ಮೇಲೆ ಇನ್ನೊಂದು ತಂಡ ಅದೇ ಜಾಗದಲ್ಲಿ ಅದೇ ಹಣ ಹೂಡುತ್ತದೆ. 2023ರ ಡಿಸೆಂಬರಿನಲ್ಲಿ ಕೇಂದ್ರ ಗಣಿ ಸಚಿವಾಲಯ ತೆರೆದ ರಾಷ್ಟ್ರೀಯ ಭೂವಿಜ್ಞಾನ ದತ್ತಾಂಶ ಭಂಡಾರದಲ್ಲಿ ಸರ್ಕಾರಿ ಸಂಸ್ಥೆಗಳ ನಕ್ಷೆ, ವರದಿಗಳು ಸಿಗುತ್ತವೆ. ಹೊಸ ತಂಡದ ಮೊದಲ ತಿಂಗಳು ಅಲ್ಲೇ ಕಳೆಯಬೇಕು. ‘ನಕ್ಷೆ ಕೇಳಿದರೆ ಅನುಮತಿಗೇ ವರ್ಷ ಹಿಡಿಯುತ್ತದೆ’ ಎಂಬ ಮಾತೂ ಹಳೆಯದಾಯಿತು: 2021ರ ಫೆಬ್ರವರಿಯ ಮಾರ್ಗಸೂಚಿಗಳ ನಂತರ ಭಾರತೀಯ ಸಂಸ್ಥೆಗಳು ನಕ್ಷೆ ತಯಾರಿಸಲು ಬಹುತೇಕ ಸಂದರ್ಭಗಳಲ್ಲಿ ಪೂರ್ವಾನುಮತಿ ಬೇಕಿಲ್ಲ.

ತಪ್ಪು ಕಲ್ಪನೆ 6: ನಕ್ಷೆಯಲ್ಲಿ ಚುಕ್ಕೆಯೂ ಟನ್ ಲೆಕ್ಕವೂ ಇದ್ದರೆ ಗಣಿ ಸಿಕ್ಕಿತು.

ಸತ್ಯ: ಮಂಡ್ಯದ ಲಿಥಿಯಂ ಸುದ್ದಿಯನ್ನು ನೆನಪಿಸಿಕೊಳ್ಳಿ. 2020ರ ಆರಂಭದಲ್ಲಿ 14,100 ಟನ್ ಎಂಬ ಅಂದಾಜು ಪತ್ರಿಕೆಗಳಲ್ಲಿ ಮಿಂಚಿತು. ಪರಮಾಣು ಖನಿಜ ನಿರ್ದೇಶನಾಲಯದ ಸಮೀಕ್ಷೆಯ ನಂತರ ಮರಳಗಾಲ–ಅಲ್ಲಾಪಟ್ಟಣ ಪ್ರದೇಶಕ್ಕೆ ಅಧಿಕೃತವಾಗಿ ಹೇಳಿದ್ದು 1,600 ಟನ್, ಅದೂ ಊಹಿತ ವರ್ಗದ್ದು. ಇಲ್ಲಿ ಯಾರೂ ಮೋಸ ಮಾಡಿದ್ದಾರೆಂದಲ್ಲ. ಕಡಿಮೆ ಮಾಹಿತಿಯ ಮೇಲೆ ಕಟ್ಟಿದ ಅಂದಾಜು ಮಾಹಿತಿ ಹೆಚ್ಚಿದಂತೆ ಬದಲಾಗುತ್ತದೆ.

ನಮ್ಮಲ್ಲಿ ಅನ್ವೇಷಣೆಗೆ ಜಿ-4ರಿಂದ ಜಿ-1ರವರೆಗೆ ನಾಲ್ಕು ಹಂತಗಳಿವೆ. ಜಿ-4 ಎಂದರೆ ಮೊದಲ ಸುತ್ತಿನ ಕಣ್ಣೋಟ, ಜಿ-1 ಎಂದರೆ ಹತ್ತಿರ ಹತ್ತಿರ ಬೋರ್ ಕೊರೆದು ಮಾಡಿದ ವಿವರ ಸಮೀಕ್ಷೆ. ಜಿ-1 ಆದ ಮೇಲೂ ತೆಗೆಯಲು ಆಗುತ್ತದೆಯೇ, ತೆಗೆದರೆ ಗಿಟ್ಟುತ್ತದೆಯೇ ಎಂಬ ಪ್ರಶ್ನೆಗಳು ಬೇರೆಯೇ ಉಳಿಯುತ್ತವೆ. ನಕ್ಷೆಯ ಪ್ರತಿ ಬಣ್ಣದ ಮೇಲೂ ಈ ಹಂತ ಕಾಣುವಂತಿರಬೇಕು. ಜಿ-4ರ ಊಹೆ, ಜಿ-2ರ ಅಳತೆ ಎರಡಕ್ಕೂ ಒಂದೇ ಕೆಂಪು ಬಣ್ಣ ಬಳಿದ ನಕ್ಷೆ ಹೂಡಿಕೆದಾರರನ್ನೂ ಊರಿನವರನ್ನೂ ಒಟ್ಟಿಗೇ ದಾರಿ ತಪ್ಪಿಸುತ್ತದೆ. ಯಂತ್ರಕಲಿಕೆಯಿಂದ ಮಾಡಿದ ಸಂಭಾವ್ಯತಾ ನಕ್ಷೆಗಳಿಗೂ ಇದೇ ಮಾತು. ಮಾದರಿಗಳೆಲ್ಲ ರಸ್ತೆ ಬದಿಯಲ್ಲೇ ತೆಗೆದವಾದರೆ ಯಂತ್ರ ಕಲಿಯುವುದು ರಸ್ತೆ ಎಲ್ಲಿದೆ ಎಂಬುದನ್ನೇ.

ತಪ್ಪು ಕಲ್ಪನೆ 7: ಮಾಹಿತಿ ನೋಡಿಕೊಳ್ಳುವುದು ಕಚೇರಿಯ ಜಿಐಎಸ್ (ಡಿಜಿಟಲ್ ನಕ್ಷೆ) ಹುಡುಗನ ಕೆಲಸ.

ಸತ್ಯ: ಅದು ಶುರುವಾಗುವುದು ಬಿಸಿಲಿನಲ್ಲಿ, ಮಾದರಿ ತೆಗೆಯುವ ಕ್ಷಣದಲ್ಲಿ. ಭೂವಿಜ್ಞಾನಿ ಕಲ್ಲು ಒಡೆದು ಬಟ್ಟೆಚೀಲಕ್ಕೆ ಹಾಕುತ್ತಾರೆ. ಚೀಲದ ಮೇಲೆ ಸಂಖ್ಯೆ, ಚೀಲದೊಳಗೆ ಅದೇ ಸಂಖ್ಯೆಯ ಚೀಟಿ, ಟಿಪ್ಪಣಿ ಪುಸ್ತಕದಲ್ಲಿ ಅದೇ ಸಂಖ್ಯೆಯ ಮುಂದೆ ಸ್ಥಾನ, ಕಲ್ಲಿನ ಬಗೆ, ಓರೆ, ದಿಕ್ಕು. ಈ ಮೂರರಲ್ಲಿ ಒಂದು ಅಂಕಿ ಅದಲುಬದಲಾದರೂ ಒಂದು ಗುಡ್ಡದ ಚಿನ್ನ ಇನ್ನೊಂದು ಗುಡ್ಡಕ್ಕೆ ಹೋಗುತ್ತದೆ. ಮುಂದೆ ಯಾವ ಕಂಪ್ಯೂಟರೂ ಅದನ್ನು ಕಂಡುಹಿಡಿಯಲಾರದು. ಕುದುರೆಮುಖದಂಥ ಮ್ಯಾಗ್ನೆಟೈಟ್ ಬಂಡೆಯ ಪಕ್ಕ ದಿಕ್ಸೂಚಿ ಹಿಡಿದರೆ ಮುಳ್ಳು ಉತ್ತರ ಬಿಟ್ಟು ವಾಲುತ್ತದೆ. ಅಂಥಲ್ಲಿ ಅಳೆದ ದಿಕ್ಕಿನ ಮುಂದೆ ಆ ಮಾತನ್ನೂ ಬರೆಯಬೇಕು.

ಬೋರ್‌ನಲ್ಲಿಯೂ ಹಾಗೆಯೇ. ಕೊಳವೆ ನೆಟ್ಟಗೆ ಇಳಿಯುತ್ತದೆಂದು ಭಾವಿಸಬಾರದು. 400 ಮೀಟರ್ ಆಳದ ಬೋರ್ ಸರಾಸರಿ 3 ಡಿಗ್ರಿ ವಾಲಿದರೆ ತಳ ಸುಮಾರು 20 ಮೀಟರ್ ಆಚೆ ಇರುತ್ತದೆ. ಒಳಗಿನ ಓರೆಯನ್ನು ಅಳೆಯದ ಬೋರ್‌ನ ಅದಿರು ಎಲ್ಲಿದೆ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಪ್ರಯೋಗಾಲಯಕ್ಕೆ ಕಳಿಸುವ ಮಾದರಿಗಳ ನಡುವೆ ಉತ್ತರ ಮೊದಲೇ ಗೊತ್ತಿರುವ ಮಾದರಿ, ಏನೂ ಇಲ್ಲದ ಮಾದರಿ, ಒಂದೇ ಮಾದರಿಯ ಎರಡು ಪಾಲು ಸೇರಿಸಿದರೆ ಅಲ್ಲಿಯ ತಪ್ಪೂ ಬಯಲಾಗುತ್ತದೆ. 1997ರಲ್ಲಿ ಇಂಡೊನೇಷ್ಯಾದ ಬುಸಾಂಗ್‌ನಲ್ಲಿ ಬ್ರೆ-ಎಕ್ಸ್ ಕಂಪನಿಯ ಮಾದರಿಗಳಿಗೆ ಹೊರಗಿನ ಚಿನ್ನ ಬೆರೆಸಿದ್ದು ಹೊರಬಿದ್ದಾಗ ಸಾವಿರಾರು ಹೂಡಿಕೆದಾರರು ಹಣ ಕಳೆದುಕೊಂಡಿದ್ದರು. ಸ್ವತಂತ್ರ ತಂಡ ಹೊಸದಾಗಿ ಬೋರ್ ಕೊರೆದು ಮರುಪರೀಕ್ಷೆ ಮಾಡಿದ ಮೇಲೆಯೇ ಸತ್ಯ ತಿಳಿದದ್ದು.

ಹಾಗಾದರೆ ಮಾಡಬೇಕಾದ್ದೇನು?

ದಪ್ಪ ಕಡತ ಬೇಡ. ಒಂದೆರಡು ಪುಟದಲ್ಲಿ ಐದು ವಿಷಯ ಬರೆದು ತಂಡದ ಎಲ್ಲರೂ ಸಹಿ ಹಾಕಲಿ: ಈ ವರ್ಷದ ತೀರ್ಮಾನಗಳು ಯಾವುವು, ಅವಕ್ಕೆ ಯಾವ ಮಾಹಿತಿ, ಎಷ್ಟು ನಿಖರತೆ ಬೇಕು, ಎಲ್ಲ ಅಂಕಿಗೂ ಒಂದೇ ಆಧಾರ, ವಲಯ, ಎತ್ತರ ಯಾವುದು, ಹಳೆಯ ಮಾಹಿತಿಯನ್ನು ಎಲ್ಲಿಂದ, ಯಾವಾಗ ತರುತ್ತೇವೆ, ಪ್ರತಿ ವಾರ ಕ್ಷೇತ್ರದ ಮಾಹಿತಿಯನ್ನು ಯಾರು ತಪಾಸಣೆ ಮಾಡುತ್ತಾರೆ. ಹೆಸರು ಬರೆಯದ ಜವಾಬ್ದಾರಿ ಯಾರ ಜವಾಬ್ದಾರಿಯೂ ಅಲ್ಲ.

ಇದು ಕಂಪನಿಯ ಲಾಭದ ಪ್ರಶ್ನೆ ಮಾತ್ರವಲ್ಲ. ತಪ್ಪು ಜಾಗದಲ್ಲಿ ಕೊರೆದ ಪ್ರತಿ ಬೋರ್‌ಗೂ ಒಂದು ಹೊಲ ತುಳಿದಿರುತ್ತಾರೆ, ಕಾಡಿನಲ್ಲಿ ದಾರಿ ಕಡಿದಿರುತ್ತಾರೆ, ಬಹಳ ಸಲ ಸಾರ್ವಜನಿಕ ಹಣವನ್ನೂ ಕಳೆದಿರುತ್ತಾರೆ. ಮಾಹಿತಿ ಸರಿಯಿದ್ದ ತಂಡ ಕಡಿಮೆ ಕೊರೆಯುತ್ತದೆ, ಬೇಡವಾದ ನೆಲವನ್ನು ಬೇಗ ಬಿಟ್ಟುಕೊಡುತ್ತದೆ, ಊರಿನವರು ಕೇಳಿದಾಗ ಇಲ್ಲಿ ಏನಿದೆ, ಏನಿಲ್ಲ ಎಂದು ನೇರವಾಗಿ ಹೇಳಬಲ್ಲದು. ಆದ್ದರಿಂದ ಬೋರ್ ಯಂತ್ರಕ್ಕೆ ಬಾಡಿಗೆ ಕರಾರು ಮಾಡುವ ಮೊದಲೇ ಈ ಪುಟಗಳು ಸಿದ್ಧವಾಗಿರಬೇಕು; ಹಣ ಕೊಡುವವರು ಅವನ್ನು ಕೇಳಿ ಪಡೆಯಬೇಕು.