ಬಳುಕುವ ರಚನೆಗಳ ಕಂಪನನಿಗ್ರಹ

ತೆಳುವೂ ನೀಳವೂ ಆದ ವಸ್ತುವನ್ನು ಒಮ್ಮೆ ಬಳುಕಿಸಿ ಬಿಟ್ಟರೆ, ಅದು ತನಗೆ ಸಹಜವಾದ ಕಾಲಕ್ರಮದಲ್ಲಿ ತೂಗಾಡುತ್ತಿರುವುದು. ಭೂಮಿಯ ಮೇಲೆ ಗಾಳಿಯೂ ಸಂಧಿಗಳ ಘರ್ಷಣೆಯೂ ಕೂಡಿ ಈ ತೂಗಾಟವನ್ನು ಕುಗ್ಗಿಸುವುವು. ಅಂತರಿಕ್ಷದಲ್ಲಿ ಗಾಳಿಯ ನೆರವು ಇಲ್ಲವೆಂದೇ ಹೇಳಬೇಕು. ಕಂಪನವನ್ನು ಅಳೆದು, ಅದಕ್ಕೆ ಪ್ರತಿಯಾದ ಬಲವನ್ನು ಯಂತ್ರದಿಂದ ಪ್ರಯೋಗಿಸಿ ಅಡಗಿಸುವ ಉಪಾಯಕ್ಕೆ ಸಕ್ರಿಯ ಕಂಪನನಿಗ್ರಹವೆಂದು ಹೆಸರು.

೧೯೯೦ನೆಯ ಇಸವಿ ಏಪ್ರಿಲ್ ೨೪ರಂದು ಉಡಾಯಿಸಲ್ಪಟ್ಟ ಹಬಲ್ ದೂರದರ್ಶಕದ ದರ್ಪಣದೋಷವು ಲೋಕವಿಖ್ಯಾತವಾಯಿತು. ಅದರ ರೆಕ್ಕೆಗಳ ನಡುಕವನ್ನು ಕುರಿತು ಅರಿತವರು ಅಷ್ಟಾಗಿ ಇಲ್ಲ. ಸೂರ್ಯನ ಬೆಳಕಿನಿಂದ ವಿದ್ಯುತ್ತನ್ನು ಪಡೆಯಲು ಅದಕ್ಕೆ ಸುಮಾರು ೧೨ ಮೀಟರು ಉದ್ದದ ಎರಡು ರೆಕ್ಕೆಗಳಿದ್ದುವು. ತೆಳುಲೋಹದ ದಂಡಗಳು ಹಾಳೆಗಳನ್ನು ಬಿಗಿದು ಹಿಡಿದಿದ್ದುವು. ದೂರದರ್ಶಕವು ಸುಮಾರು ೯೬ ನಿಮಿಷಗಳಿಗೊಮ್ಮೆ ಭೂಮಿಯನ್ನು ಸುತ್ತುವುದರಿಂದ, ಒಂದೊಂದು ಸುತ್ತಿನಲ್ಲಿಯೂ ನೆರಳಿನಿಂದ ಬಿಸಿಲಿಗೂ ಬಿಸಿಲಿನಿಂದ ನೆರಳಿಗೂ ಸರಿಯುವುದು. ಆಗ ದಂಡದ ಸೂರ್ಯಾಭಿಮುಖವಾದ ಪಾರ್ಶ್ವವು ಮೊದಲು ಕಾದು ಹಿಗ್ಗುವುದು, ಹಿಂಬದಿಯು ತಣ್ಣಗೆ ಉಳಿಯುವುದು. ದಂಡವು ಬಾಗಿ, ರೆಕ್ಕೆಯು ಅದಿರುವುದು. ಒಂದು ಬಗೆಯ ಅದಿರಾಟಕ್ಕೆ ಸುಮಾರು ೧೦ ಸೆಕೆಂಡಿನ ಆವರ್ತಕಾಲ. ಇನ್ನೊಂದು ೫ ಸೆಕೆಂಡಿಗೆ ಸುಮಾರು ೩ ಬಾರಿ ಆಗುವಂಥದು. ಇಡಿಯ ದೂರದರ್ಶಕವೂ ಇವುಗಳೊಡನೆ ನಡುಗಿತು. ಅದರ ದೃಷ್ಟಿಯಾದರೋ ೦.೦೦೭ ವಿಕಲೆಗಿಂತ ಹೆಚ್ಚು ಕದಲಬಾರದು. ಅದೆಂದರೆ, ಒಂದು ಮೈಲಿಯಾಚೆ ಹಿಡಿದ ಕೂದಲೆಳೆಯ ದಪ್ಪದಷ್ಟು ಮಾತ್ರ.

ದೇಹದೊಳಗಿನ ಗೈರೋಗಳು ಚಲನೆಯನ್ನು ಅರಿಯುವುವು. ನಾಲ್ಕು ಪ್ರತಿಕ್ರಿಯಾಚಕ್ರಗಳು ವೇಗವನ್ನು ಬದಲಿಸಿ ದೇಹವನ್ನು ಪ್ರತಿದಿಕ್ಕಿಗೆ ತಿರುಗಿಸುವುವು. ಯಂತ್ರದ ಗಣಕದಲ್ಲಿದ್ದ ನಿಯಂತ್ರಣಸೂತ್ರವನ್ನು ಭೂಮಿಯಿಂದಲೇ ತಿದ್ದಿ, ಆ ಎರಡು ಆವರ್ತನಗಳನ್ನು ವಿಶೇಷವಾಗಿ ಎದುರಿಸುವಂತೆ ಮಾಡಲಾಯಿತು.

ಕೆಲಸವು ತೋರುವಷ್ಟು ಸುಲಭವಲ್ಲ. ಉಯ್ಯಾಲೆಯನ್ನು ನಿಲ್ಲಿಸಬೇಕಾದರೆ ಅದು ಬರುತ್ತಿರುವಾಗ ಎದುರು ತಳ್ಳಬೇಕು. ಅರ್ಧ ಆವರ್ತ ತಡವಾಗಿ ತಳ್ಳಿದರೆ ಅದೇ ಕೈ ಉಯ್ಯಾಲೆಯನ್ನು ಮತ್ತಷ್ಟು ಜೀಕುವುದು. ಹಾಗೆಯೇ, ಒಂದು ಕಂಪನವನ್ನು ಅಡಗಿಸಲು ಹೊರಟ ಬಲವು ಲೆಕ್ಕಕ್ಕೆ ಸೇರದ ಬೇರೊಂದು ಕಂಪನವನ್ನು ಕೆರಳಿಸಬಹುದು. ಬಳುಕುವ ರಚನೆಯಲ್ಲಿ ಇಂಥ ಕಂಪನಗಳಿಗೆ ಎಣೆಯೇ ಇಲ್ಲ. ಗಣಕಕ್ಕೆ ತಿಳಿದಿರುವುವು ಕೆಲವು ಮಾತ್ರ.

ಮೇಲಾಗಿ, ಹೊಸ ಸೂತ್ರವು ದೇಹದ ನಡುಕವನ್ನು ತಗ್ಗಿಸಿತೇ ಹೊರತು ರೆಕ್ಕೆಯು ಬಾಗುವುದನ್ನು ತಪ್ಪಿಸಲಿಲ್ಲ. ೧೯೯೩ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೊಸ ರೆಕ್ಕೆಗಳನ್ನು ಜೋಡಿಸಿದರು. ಅವುಗಳ ದಂಡಗಳಿಗೆ ತಾಪವನ್ನು ತಡೆಯುವ ಹೊದಿಕೆಯಿದ್ದಿತು. ಹಳೆಯವುಗಳಲ್ಲಿ ಒಂದರ ದಂಡವು ಡೊಂಕಾಗಿ ಸುರುಳಿ ಸುತ್ತಲು ಒಗ್ಗದೆ ಹೋದುದರಿಂದ, ಕ್ಯಾಥರಿನ್ ಥಾರ್ನ್‌ಟನ್ ಅದನ್ನು ಅಂತರಿಕ್ಷದಲ್ಲಿಯೇ ಕೈಬಿಟ್ಟರು. ೨೦೦೨ರ ಮಾರ್ಚಿನಲ್ಲಿ ಈ ಎರಡನೆಯ ಜೋಡಿಯೂ ಹೋಗಿ, ಬಳುಕದ ಗಟ್ಟಿ ಚೌಕಟ್ಟಿನ ಕಿರಿಯ ರೆಕ್ಕೆಗಳು ಬಂದುವು.