ತಮಟೆ ಹಿಡಿದ ಕೈಗೆ ಪದ್ಮಶ್ರೀ

2023ರ ಪದ್ಮಶ್ರೀ ಪಟ್ಟಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ನಾಡೋಜ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ಹೆಸರಿತ್ತು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಹದಿಹರೆಯದಲ್ಲಿ ಅವರು ಕೈಗೆತ್ತಿಕೊಂಡ ವಾದ್ಯ ತಮಟೆ. ಊರಿನ ಜಾತ್ರೆಗೆ, ಸಾವಿಗೆ, ಡಂಗುರಕ್ಕೆ ಅದಿಲ್ಲದೆ ನಡೆಯುತ್ತಿರಲಿಲ್ಲ. ಬಾರಿಸುವವನು ಮಾತ್ರ ಅಂಗಳದಾಚೆಯೇ ನಿಲ್ಲಬೇಕಿತ್ತು.

ತಮಟೆಯ ರಚನೆ ಸರಳ. ದುಂಡನೆಯ ಮರದ ಕಟ್ಟು, ಅದರ ಒಂದೇ ಮುಖಕ್ಕೆ ಬಿಗಿದ ಚರ್ಮ, ಬಾರಿಸಲು ಎರಡು ಕಡ್ಡಿ. ಒಂದು ಗಿಡ್ಡ, ದಪ್ಪ. ಇನ್ನೊಂದು ಉದ್ದ, ತೆಳು. ಚರ್ಮ ತೇವ ಹೀರಿದರೆ ನಾದ ಮಂಕಾಗುತ್ತದೆ. ಆದ್ದರಿಂದ ಹುಲ್ಲಿಗೆ ಬೆಂಕಿ ಹಚ್ಚಿ ಕಾಯಿಸಿ ಶ್ರುತಿಗೆ ತರಬೇಕು. ಎಷ್ಟು ಕಾಯಿಸಬೇಕೆಂಬುದಕ್ಕೆ ಪುಸ್ತಕವಿಲ್ಲ, ಕಿವಿಯೇ ಗುರು. ಇತ್ತೀಚೆಗೆ ಬಂದಿರುವ ಫೈಬರ್ ಹೊದಿಕೆಗೆ ಈ ರಗಳೆಯಿಲ್ಲ, ಆ ನಾದವೂ ಇಲ್ಲ.

2007ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ಚಿಕ್ಕಬಳ್ಳಾಪುರ ಕೋಲಾರ ಜಿಲ್ಲೆಯಲ್ಲೇ ಇತ್ತು. ಮೂರು ಭಾಷೆಗಳು ಕೂಡುವ ಈ ಸೀಮೆಯಲ್ಲಿ ಕನ್ನಡದ ತಮಟೆಗೆ ತೆಲುಗಿನಲ್ಲಿ ಪಲಕ ಎನ್ನುವುದುಂಟು. ಇದೇ ಬಗೆಯ ವಾದ್ಯ ತಮಿಳಿನಲ್ಲಿ ಪರೈ. ಪರೈಯಿಂದ ಒಂದು ಜಾತಿಗೆ ಹೆಸರು ಬಂತು. ಆ ಜಾತಿಯ ಹೆಸರು ಇಂಗ್ಲಿಷಿಗೆ ಹೋಗಿ, ಸಮಾಜ ಹೊರಗಿಟ್ಟವನು ಎಂಬ ಅರ್ಥದ ಶಬ್ದವಾಯಿತು. ಒಂದು ವಾದ್ಯಕ್ಕೆ ಇದಕ್ಕಿಂತ ಕಹಿಯಾದ ಚರಿತ್ರೆ ಇರಲಾರದು.

1880ರಲ್ಲಿ ಜಾನ್ ಟೇಲರ್ ಕಂಪನಿ ಕೋಲಾರದ ಚಿನ್ನದ ಗಣಿಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟ್ ಕಡೆಯಿಂದ ಸಾವಿರಾರು ದಲಿತರು ಕೂಲಿಗೆ ಬಂದರು. 1894ರಲ್ಲಿ ಬಂಗಾರಪೇಟೆಯಿಂದ ಗಣಿಗೆ ರೈಲೂ ಬಂತು. ಗಣಿಯ ಕೆಲಸ ಪ್ರಾಣಕ್ಕೆ ಎರವಾಗುವಂಥದ್ದು, ಆದರೆ ಕೂಲಿ ಕೊಡುತ್ತಿದ್ದುದು ಕಂಪನಿ, ಊರಗೌಡನಲ್ಲ. ಕೂಲಿಯ ಲೈನಿನಲ್ಲಿದ್ದವನು ಬೇಡವೆಂದರೆ ವಾದ್ಯವನ್ನು ಕೆಳಗಿಡಬಹುದಿತ್ತು. ಸುತ್ತಲಿನ ಹಳ್ಳಿಯವನಿಗೆ ಆ ದಾರಿಯಿರಲಿಲ್ಲ. ಅವನಿಗೆ ತಮಟೆ ಕಲೆಯಲ್ಲ, ಬಿಟ್ಟಿ ಚಾಕರಿ. ಬಾರದಿದ್ದರೆ ಊರಿನ ಕೋಪ.

1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕೈಹಾಕಿದ್ದು ಈ ಗಂಟಿಗೇ. ಸಾವಿನ ಮನೆಯ ಮುಂದೆ ತಮಟೆ ಬಾರಿಸಬೇಡಿ ಎಂಬ ಮಾತು ಹಳ್ಳಿಹಳ್ಳಿಗೂ ಹೋಯಿತು. ಎಷ್ಟೋ ಯುವಕರು ತಮಟೆ ಬಿಟ್ಟರು, ಅದು ನ್ಯಾಯವೂ ಆಗಿತ್ತು. ಸೋಜಿಗವೆಂದರೆ, ಊರಲ್ಲಿ ಬಿಟ್ಟ ತಮಟೆ ಮೆರವಣಿಗೆಗೆ ಮರಳಿತು. ಹೋರಾಟದ ಹಾಡುಗಳ ಹಿಂದೆ ಅದೇ ಗತ್ತು ಕೇಳತೊಡಗಿತು. ಆ ಹಾಡುಗಳನ್ನು ನಾಡಿನುದ್ದಕ್ಕೂ ಒಯ್ದ ಕೋಲಾರ ಸೀಮೆಯ ಗಾಯಕ ಪಿಚ್ಚಳ್ಳಿ ಶ್ರೀನಿವಾಸ್ ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು.

ಮುನಿವೆಂಕಟಪ್ಪನವರು ಹಿಡಿದದ್ದು ಮೂರನೆಯ ದಾರಿ. ತಮಟೆಯನ್ನು ಬಿಡದೆ, ಊರ ಚಾಕರಿಗೂ ಮೀಸಲಿಡದೆ, ವೇದಿಕೆಗೆ ತಂದರು, ಕಿರಿಯರಿಗೆ ಕಲಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಗೌರವ ಪದ್ಮಶ್ರೀಗಿಂತ ಮೊದಲೇ ಅವರಿಗೆ ಸಂದಿತ್ತು. ಇದರಿಂದ ತಮಟೆಯ ಕಳಂಕ ಕಳೆಯಿತೆನ್ನಲು ಧೈರ್ಯ ಸಾಲದು. ವೇದಿಕೆಯಲ್ಲಿ ಚಪ್ಪಾಳೆ ತಟ್ಟುವ ಊರೇ ಬಾರಿಸುವವನನ್ನು ಮನೆಯೊಳಗೆ ಕರೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆದರೂ ಬೇಡವೆನ್ನುವ ಹಕ್ಕು ಬಂದ ಮೇಲೆ ಬೇಕೆಂದು ಬಾರಿಸುವುದಕ್ಕೂ, ಅಂಜಿ ಬಾರಿಸುವುದಕ್ಕೂ ಅಜಗಜಾಂತರವಿದೆ.

ಪದ್ಮಶ್ರೀಯೊಂದಿಗೆ ಬರುವುದು ಪದಕ ಮತ್ತು ಸನದು, ನಗದಿಲ್ಲ. ಮುಪ್ಪಿನ ಬಡ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನವುಂಟು. ಅದಕ್ಕೂ ಅರ್ಜಿ ಹಾಕಿ, ಕಲಾಸೇವೆಗೆ ದಾಖಲೆ ತೋರಿಸಬೇಕು. ಸಾವಿನ ಮನೆಯ ಮುಂದೆ ರಾತ್ರಿಯಿಡೀ ಬಾರಿಸಿದ್ದಕ್ಕೆ ರಸೀದಿ ಕೊಟ್ಟವರಿಲ್ಲ.